ಕಮಾನನ್ನು ಬಾಗಿಲಾಗಿಸುವ ಕೈಪಿಡಿ (ಅಜ್ಜಿ ಇರುವ ಮನೆಗಳಿಗೆ)

ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಮುತ್ತ, ಮೊಳಕಾಲ್ಮೂರಿನಿಂದ ಚಳ್ಳಕೆರೆಯ ತನಕ, ತೊಂಬತ್ತರ ದಶಕದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿ ಹಾಲ್‌ಗೂ ಊಟದ ಕೋಣೆಗೂ ನಡುವೆ ಒಂದು ಕಮಾನು ಬಿಡಿಸಿಕೊಂಡವರಿಗಾಗಿ ಈ ಕೈಪಿಡಿ. ಮಾಳಿಗೆ ಮನೆಯವರು ಓದಬೇಕಿಲ್ಲ. ನಿಮ್ಮಲ್ಲಿ ಕಮಾನೂ ಇಲ್ಲ, ತಲೆ ಬಗ್ಗಿಸಿ ಒಳಗೆ ಹೋಗುವುದು ನಿಮಗೆ ಹುಟ್ಟಿನಿಂದಲೇ ಬಂದಿದೆ.

ಕೆಲಸ ಶುರು ಮಾಡುವ ಮೊದಲು ಒಂದು ಕಾರಣ ಸಿದ್ಧ ಮಾಡಿಕೊಳ್ಳಿ. ಆಷಾಢದ ಗಾಳಿಗೆ ಧೂಳು ನುಗ್ಗುತ್ತದೆ ಎನ್ನಿ. ಮಳೆ ಕಮ್ಮಿ, ಗಾಳಿ ಜಾಸ್ತಿ ಇರುವ ಈ ಸೀಮೆಯಲ್ಲಿ ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಮಗ್ಗವಿದ್ದರೆ ಸದ್ದಿನ ಮೇಲೆ ಹಾಕಿ. ನಿಜವಾದ ಕಾರಣ, ಅಂದರೆ ಮನೆಯಲ್ಲಿ ಯಾರಿಗೋ ಬಾಗಿಲು ಹಾಕಿಕೊಂಡು ಕೂರಬೇಕೆನಿಸಿದೆ ಎಂಬುದು, ಅಜ್ಜಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. "ಏನಪ್ಪಾ, ನಮ್ಮ ಕಣ್ಣಿಗೆ ಕಾಣ್ದಂಗೆ ಏನ್ ಉಣ್ತೀರಿ?" ಎಂದು ಕೇಳಿಯೂ ಕೇಳುತ್ತಾರೆ. ಉತ್ತರ ಕೊಡಬೇಡಿ. ಧೂಳು ಎನ್ನಿ.

ಬೇಕಾಗುವ ಸಾಮಾನು: ಉಳಿ, ಸುತ್ತಿಗೆ, ಕರಣೆ, ತೂಕದ ಗುಂಡು, ಮೂಲೆಮಟ್ಟ, ನೀರು ತುಂಬಿದ ಲೆವೆಲ್ ಪೈಪು, ಮರದ ಚೌಕಟ್ಟು, ಪಕ್ಕಕ್ಕೆ ಮೂರರಂತೆ ಆರು ಹೋಲ್ಡ್‌ಫಾಸ್ಟ್, ಇಟ್ಟಿಗೆ, ಸಿಮೆಂಟು, ಮರಳು, ಟಿವಿಗೂ ದೇವರ ಗೂಡಿಗೂ ಹೊದಿಸಲು ಹಳೇ ಸೀರೆ. ಮೊಳಕಾಲ್ಮೂರಿನವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಇಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೇ ಸೀರೆ ಅಂದರೆ ರೇಷ್ಮೆ. ಅದಕ್ಕೆ ಕೈ ಹಾಕಿದರೆ ಬಾಗಿಲಿನ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಕೆಲಸ, ಕಮಾನು ನಿಜವೋ ವೇಷವೋ ಎಂದು ತಿಳಿಯುವುದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದು ಕಡೆ ಗಾರೆ ಕಿತ್ತು ನೋಡಿ. ಆರ್‌ಸಿಸಿ ಮನೆಗಳಲ್ಲಿ ಸಾಮಾನ್ಯವಾಗಿ ಮೇಲ್ಗಡೆ ಲಿಂಟಲ್ ನೆಟ್ಟಗೆ ಹಾದುಹೋಗಿರುತ್ತದೆ. ಭಾರವನ್ನೆಲ್ಲ ಅದು ಹೊರುತ್ತದೆ, ಕಮಾನು ಅದರ ಕೆಳಗೆ ಶೋಕಿಗೆ ನಿಂತಿರುತ್ತದೆ. ಅಂಥದ್ದನ್ನು ಧಾರಾಳವಾಗಿ ಒಡೆಯಬಹುದು. ಆದರೆ ಇಟ್ಟಿಗೆಗಳು ಒಂದನ್ನೊಂದು ಒತ್ತಿ ನಿಂತಿರುವ ಅಸಲಿ ಕಮಾನಾದರೆ ಮೇಲಿನ ಭಾರ ಅದರ ಎರಡೂ ಹೆಗಲ ಮೂಲಕ ಗೋಡೆಗೆ ಇಳಿಯುತ್ತಿರುತ್ತದೆ. ಹೆಗಲು ಕಡಿದರೆ ತಲೆಯ ಮೇಲೆ ಬೀಳುತ್ತದೆ. ಈ ಒಂದು ವಾಕ್ಯ ತಮಾಷೆಗೆ ಬರೆದದ್ದಲ್ಲ. ಮೇಲಿನ ಭಾರಕ್ಕೆ ಆನಿಕೆ ಕೊಡದೆ, ತಿಳಿದವರನ್ನು ಕೇಳದೆ, ಅದನ್ನು ಮುಟ್ಟಬೇಡಿ. ನಮ್ಮ ಹಳೇ ಗುಡಿ ಕಟ್ಟಿದವರು ಈ ರಗಳೆಗೇ ಹೋಗಲಿಲ್ಲ. ಎರಡು ಕಡೆ ಕಲ್ಲು ನಿಲ್ಲಿಸಿ ಮೇಲೊಂದು ಕಲ್ಲು ಅಡ್ಡ ಮಲಗಿಸಿದರು. ಕಲ್ಲು ಎಷ್ಟು ಒತ್ತಿದರೂ ತಾಳುತ್ತದೆ, ಬಾಗಿಸಿದರೆ ಮುರಿಯುತ್ತದೆ. ಹಾಗಾಗಿ ಗರ್ಭಗುಡಿಯ ಬಾಗಿಲು ಕಿರಿದಾಯಿತು, ಭಕ್ತರು ಬಗ್ಗಿದರು. ಬಿಜಾಪುರದವರು ಕಮಾನು ಎತ್ತರಕ್ಕೆ ಎತ್ತಿ, ಅದರ ಮೇಲೆ ಗೋಳಗುಮ್ಮಟವನ್ನೇ ಕೂರಿಸಿದರು. ನಮ್ಮ ಗುತ್ತಿಗೆದಾರರು ಅದನ್ನು ಊಟದ ಮೇಜಿನ ಪಕ್ಕಕ್ಕೆ ತಂದು ನಿಲ್ಲಿಸಿದರು.

ಇನ್ನು ಲೆಕ್ಕ. ನಿಮ್ಮ ಕಮಾನು ನಾಲ್ಕು ಅಡಿ ಅಗಲ, ಐದೂವರೆ ಅಡಿಗೆ ಬಾಗಲು ಶುರುವಾಗಿ ಏಳೂವರೆ ಅಡಿಗೆ ನೆತ್ತಿ ಮುಟ್ಟುವ ಅರ್ಧ ವೃತ್ತ ಎನ್ನೋಣ. ಅದರ ನಡುವೆ ಏಳಡಿ ಎತ್ತರ, ಮೂರಡಿ ಅಗಲದ ಮಾಮೂಲಿ ಚೌಕಟ್ಟು ಇಡುತ್ತೀರಿ. ನೆತ್ತಿಯ ಕೆಳಗೆ ಅರ್ಧ ಅಡಿ ಖಾಲಿ ಉಳಿಯುತ್ತದೆ, ಸಂತೋಷ. ಆದರೆ ಚೌಕಟ್ಟಿನ ಮೂಲೆ ಬರುವ ಜಾಗದಲ್ಲಿ ಕಮಾನು ಆರಡಿ ಹತ್ತು ಇಂಚಿಗೇ ಇಳಿದುಬಿಟ್ಟಿರುತ್ತದೆ. ಮಧ್ಯೆ ಆರು ಇಂಚು ಹೆಚ್ಚು, ಎರಡೂ ಮೂಲೆಯಲ್ಲಿ ಎರಡು ಇಂಚು ಕಮ್ಮಿ. ಮೇಸ್ತ್ರಿ ಚೌಕಟ್ಟು ಕುಯ್ಯಿಸಿ ಎನ್ನುತ್ತಾರೆ, ಆಚಾರಿ ಗೋಡೆ ಕೆತ್ತಿಸಿ ಎನ್ನುತ್ತಾರೆ. ಈ ಎರಡು ಇಂಚಿಗೆ ಎರಡು ದಿನದ ಕೂಲಿ ಹೋಗುತ್ತದೆ. ಪಕ್ಕಗಳಲ್ಲಿ ಉಳಿಯುವ ಆರಾರು ಇಂಚಿನ ಸಂದಿಗೆ ಯಾವ ಇಟ್ಟಿಗೆಯೂ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಅವರಿಬ್ಬರೂ ಆಮೇಲೆ ಹೇಳುತ್ತಾರೆ.

ಆರಾರು ಇಂಚು ಸಂದಿ ಬಿಡುವ ಬದಲು ನಾಲ್ಕು ಅಡಿ ಚೌಕಟ್ಟನ್ನೇ ಇಡಬಹುದಲ್ಲ ಎಂದು ಕೇಳಬೇಡಿ. ಮೂಲೆ ಆಗ ಐದೂವರೆ ಅಡಿಗೇ ಬಡಿಯುತ್ತದೆ.

ಈ ಹೊತ್ತಿಗೆ ನೀವು ಕೈಪಿಡಿಯನ್ನು ಮೇಸ್ತ್ರಿಗೆ ಓದಿ ಹೇಳಲು ಹೋಗುತ್ತೀರಿ. ಬೇಡ. ಈ ಸೀಮೆಯಲ್ಲಿ ಬರೆದಿಟ್ಟ ಸೂಚನೆಗಳ ಗತಿ ಏನಾಗುತ್ತದೆ ಎಂಬುದಕ್ಕೆ ಜಟಿಂಗ ರಾಮೇಶ್ವರ ಬೆಟ್ಟದ ಮೇಲೇ ಸಾಕ್ಷಿ ಇದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆ ಇಡಿ, ಸತ್ಯ ನುಡಿಯಿರಿ ಎಂದು ಅಶೋಕ ಇಲ್ಲಿ ಬಂಡೆಗೆ ಕೊರೆಸಿದ. ಜಾತ್ರೆಗೆ ಬಂದ ಬಳೆಗಾರರು ಅದೇ ಬಂಡೆಯ ಮೇಲೆ ಅಂಗಡಿ ಹರಡಿಕೊಂಡರು. ಅದಕ್ಕೆ ಬಳೆಗಾರ ಗುಂಡು ಎಂದೇ ಹೆಸರಾಯಿತು. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಇದನ್ನೂ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳನ್ನೂ ಪತ್ತೆ ಮಾಡುವ ಹೊತ್ತಿಗೆ ಅಕ್ಷರಗಳು ಬಹುಪಾಲು ಸವೆದಿದ್ದವು. ಚಕ್ರವರ್ತಿಯ ಆಜ್ಞೆಯ ಮೇಲೆ ಬಳೆ ಹರಡಿದ ಜಾಗದಲ್ಲಿ ನಿಮ್ಮ ಕಾಗದದ ಮೇಲೆ ಮೇಸ್ತ್ರಿ ಬೋಂಡಾ ಇಟ್ಟುಕೊಂಡರೆ ಬೇಸರ ಮಾಡಿಕೊಳ್ಳಬಾರದು. ಬ್ರಹ್ಮಗಿರಿಯ ಶಾಸನದಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಎಲ್ಲರಂತೆ ಎಡದಿಂದ ಬರೆದು, ಹುದ್ದೆಯನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದ. ನಿಮ್ಮ ಆಚಾರಿ ತಿರುಗಣಿ ಕೂರಿಸುವಾಗ ಅದೇ ಪರಂಪರೆ ಪಾಲಿಸುತ್ತಾರೆ: ಬಾಗಿಲು ಎಡಕ್ಕೆ ತೆರೆಯಲಿ ಎಂದಿದ್ದೀರಿ, ಅವರು ಇನ್ನೊಂದು ಕಡೆಯಿಂದ ನಿಂತು ಕೇಳಿಸಿಕೊಂಡಿರುತ್ತಾರೆ.

ವಾಸ್ತು: ಕಮಾನು ಲೆಕ್ಕಕ್ಕೆ ಸೇರುವುದಿಲ್ಲ, ಬಾಗಿಲು ಸೇರುತ್ತದೆ. ಮನೆಯ ಬಾಗಿಲುಗಳ ಸಂಖ್ಯೆ ಸಮ ಇರಬೇಕೆಂದು ನಂಬುವವರ ಮನೆಯಲ್ಲಿ ಎಂಟಿದ್ದದ್ದು ಒಂಬತ್ತಾಗಿ ಹೊಸ ಫಜೀತಿ ಹುಟ್ಟುತ್ತದೆ. ಹತ್ತು ಮಾಡೋಣ ಎಂದರೆ ಕೊನೆಗೆ ಸೊನ್ನೆ ಬರಬಾರದಂತೆ. ಒಂದು ಕಮಾನು ಮುಚ್ಚಲು ಹೋಗಿ ಹನ್ನೆರಡನೆಯ ಬಾಗಿಲಿನವರೆಗೂ ಮರ ಕೊಂಡವರಿದ್ದರೆ ಆಶ್ಚರ್ಯವಿಲ್ಲ.

ಚೌಕಟ್ಟು ನಿಲ್ಲಿಸುವ ದಿನ ತೂಕದ ಗುಂಡು ಬಿಟ್ಟು ನೋಡಿ. ಇಷ್ಟು ವರ್ಷ ಗೋಡೆ ಸೊಟ್ಟಗಿತ್ತು ಎಂದು ಆಗ ತಿಳಿಯುತ್ತದೆ. ಕಮಾನು ಎಲ್ಲ ಸೊಟ್ಟವನ್ನೂ ತನ್ನ ಬಾಗಿನಲ್ಲಿ ಅಡಗಿಸಿಕೊಂಡಿತ್ತು; ಬಾಗಿಲಿಗೆ ಆ ಔದಾರ್ಯವಿಲ್ಲ, ಕಾಲು ಇಂಚು ಓರೆಯಾದರೂ ತಾನಾಗಿಯೇ ತೆರೆದುಕೊಂಡು ಹೋಗಿ ಗೋಡೆಗೆ ಬಡಿಯುತ್ತದೆ. ಹಳೇ ಗೋಡೆಗೆ ಅಲ್ಲಲ್ಲಿ ಕಚ್ಚು ಮಾಡಿ ಹೊಸ ಇಟ್ಟಿಗೆ ಸೇರಿಸಿ. ಸೇರಿದ ಜಾಗದ ಮೇಲೆ ಚಿಕನ್ ಮೆಶ್ ಹೊಡೆದು ಗಾರೆ ಮಾಡದಿದ್ದರೆ ಅಳಿದುಹೋದ ಕಮಾನು ಬಿರುಕಾಗಿ, ಅದೇ ಅರ್ಧಚಂದ್ರದ ಆಕಾರದಲ್ಲಿ, ಬಣ್ಣದ ಮೇಲೆ ಮೂಡುತ್ತದೆ. ಮೆಶ್‌ನ ಹೆಸರು ಅಜ್ಜಿಯ ಕಿವಿಗೆ ಬೀಳದಿರಲಿ. ಗಾರೆಗೆ ಒಂದು ವಾರ ನೀರು ಕುಡಿಸಿ.

ಮಗ್ಗದ ಮನೆಯವರಿಗೆ ಒಂದು ಮಾತು: ಚೌಕಟ್ಟು ಗಟ್ಟಿಯಾಗುವ ಮೊದಲೇ ಹಾಸು ಸುತ್ತಿದ ಮರದ ಉರುಳೆ ಅದರೊಳಗೆ ತಿರುಗಿ ಒಳಗೆ ಹೋಗುತ್ತದೆಯೇ ನೋಡಿ. ಕಮಾನಿನಲ್ಲಿ ಹೇಗೋ ಹೋಗುತ್ತಿತ್ತು.

ಕೊನೆಯದು ಚಿಲಕ. ಅದು ಊಟದ ಕೋಣೆಯ ಕಡೆಗಿರಬೇಕೋ ಹಾಲ್ ಕಡೆಗಿರಬೇಕೋ ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ. ಅತ್ತೆ ಸೊಸೆ ಇಬ್ಬರೂ ಒಂದೇ ಹೊತ್ತಿಗೆ ಕೂರುವ ದಿನ ನೋಡಿಕೊಳ್ಳಿ. ಅದು ಬಗೆಹರಿಯಲಿಲ್ಲವೆಂದು ಆಚಾರಿಯನ್ನು ಕೇಳಲು ಹೋಗಬೇಡಿ. ಅವರು ಎರಡೂ ಕಡೆ ಹಾಕಿ, ಎರಡಕ್ಕೂ ದುಡ್ಡು ತೆಗೆದುಕೊಂಡು ಹೋಗುತ್ತಾರೆ.