ಕರುಳುವಾಸಿ ಏಕಾಹಾರಿಯ ಖಾನೇಷುಮಾರಿ

ಮನುಷ್ಯನ ಕರುಳಿನ ಕೋಟ್ಯನುಕೋಟಿ ಪ್ರಜೆಗಳ ಪೈಕಿ ಆಕ್ಸಲೋಬ್ಯಾಕ್ಟರ್ ಫಾರ್ಮಿಜೆನಿಸ್ ಎಂಬ ಬ್ಯಾಕ್ಟೀರಿಯಾದಂಥ ಕಟ್ಟುನಿಟ್ಟಿನ ವ್ರತಧಾರಿ ವಿರಳ. ಇವನ ಹೊಟ್ಟೆಪಾಡೆಲ್ಲ ಆಕ್ಸಲೇಟಿನ ಮೇಲೆ. ಪಾಲಕ್, ಹರಿವೆ ಸೊಪ್ಪುಗಳಲ್ಲಿ ಧಾರಾಳವಾಗಿರುವ, ಕ್ಯಾಲ್ಸಿಯಮ್ ಜೊತೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗಿ ಕೂರುವ ಅದೇ ಆಕ್ಸಲೇಟ್. ಪತ್ರೊಡೆ ತಿಂದವರ ಗಂಟಲು ತುರಿಸುವುದಕ್ಕೂ ಕೆಸುವಿನೆಲೆಯೊಳಗಿನ ಕ್ಯಾಲ್ಸಿಯಮ್ ಆಕ್ಸಲೇಟಿನ ಸೂಜಿಗಳೇ ಕಾರಣ. (ಹುಣಸೆಹುಳಿ ಸಾಲದಾಯಿತೆಂದು ಅತ್ತೆ ಸೊಸೆಯನ್ನು ದೂರುವುದು ಬೇರೆಯೇ ಶಾಸ್ತ್ರ, ಪ್ರಕೃತ ಪ್ರಬಂಧದ ವ್ಯಾಪ್ತಿಗೆ ಬಾರದು.)

ಇನ್ನು ಕುಲಗೋತ್ರ. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಹ್ಯಾಲೊಗೆಟಾನ್ ಎಂಬ ಆಕ್ಸಲೇಟ್‌ಭರಿತ ಕಳೆ ಮೇಯ್ದು ಕುರಿಗಳು ಸಾಯುತ್ತಿದ್ದವು. ಸ್ವಲ್ಪಸ್ವಲ್ಪವೇ ತಿನ್ನಿಸಿ ರೂಢಿ ಮಾಡಿಸಿದ ಕುರಿಗಳು ಹೆಚ್ಚು ತಾಳಿಕೊಳ್ಳುತ್ತಿದ್ದವು. ಒಳಗೆ ಕೂತು ಅರಗಿಸುತ್ತಿದ್ದವನನ್ನು ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು 1980ರಲ್ಲಿ ಕುರಿಯ ಹೊಟ್ಟೆಯಿಂದ ಹಿಡಿದು ತಂದರು. ನಾಮಕರಣವಾದದ್ದು 1985ರಲ್ಲಿ. ಆಕ್ಸಲೇಟ್ ಉಂಡು ಫಾರ್ಮೇಟ್ ಬಿಡುವವನೆಂದು ಹೆಸರಿನ ಅರ್ಥ. ಐದು ವರ್ಷ ಕಾದದ್ದಕ್ಕೆ ಮೋಸವಿಲ್ಲ.

ಗಣತಿಯ ವಿಧಾನವೇ ಈ ಪ್ರಬಂಧದ ಹೃದಯಭಾಗ. ಇಲ್ಲಿ ಗಣತಿದಾರ ಬಾಗಿಲು ತಟ್ಟುವಂತಿಲ್ಲ, ಹಿತ್ತಲಿಗೇ ಹೋಗಬೇಕು. ಅಂದರೆ ಮಲದ ಮಾದರಿ ತರಬೇಕು. ಗಾಳಿ ಸೋಕಿದರೆ ಮಹಾಶಯ ಬಾಳುವುದಿಲ್ಲವಾದ್ದರಿಂದ ಆಮ್ಲಜನಕವಿಲ್ಲದ ಕಡೆ, ಕ್ಯಾಲ್ಸಿಯಮ್ ಆಕ್ಸಲೇಟ್ ಬೆರೆಸಿ ಮಜ್ಜಿಗೆಯಂತೆ ಬೆಳ್ಳಗಾಗಿಸಿದ ಅಗರ್ ಮೇಲೆ ಬೆಳೆಸುತ್ತಾರೆ. ಇವನು ಕೂತಲ್ಲಿ ಸುತ್ತ ತಿಳಿಯಾದ ಬಳೆಯೊಂದು ಮೂಡುತ್ತದೆ. ಉಂಡೆದ್ದ ಎಲೆ ಎಣಿಸಿ ಪಂಕ್ತಿಯಲ್ಲಿ ಎಷ್ಟು ಜನರಿದ್ದರೆಂದು ಹೇಳುವ ಅಡುಗೆಭಟ್ಟರ ವಿದ್ಯೆಯೇ ಇದು.

ನವ್ಯರು ಇದನ್ನೊಪ್ಪದೆ ಪಿಸಿಆರ್ ಹಿಡಿದರು. ಆಕ್ಸಲೇಟ್ ಒಡೆಯುವ ಕಿಣ್ವದ ಜೀನ್ ಹುಡುಕಿದರೆ ಮುಗಿಯಿತು, ಬೆಳೆಸುವ ತಾಪತ್ರಯವಿಲ್ಲ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಲೆಕ್ಕಕ್ಕೆ ಬಂದುಬಿಡಬಹುದು. ಮತದಾರರ ಪಟ್ಟಿ ಕಂಡವರಿಗೆ ವಿವರಣೆ ಬೇಕಿಲ್ಲ.

ಕೌಫ್‌ಮನ್ ಮತ್ತು ಸಂಗಡಿಗರ 2008ರ ಅಮೆರಿಕನ್ ಅಧ್ಯಯನ ಈ ಕ್ಷೇತ್ರದ ಮೂಲಗ್ರಂಥ. ಮೇಲಿಂದ ಮೇಲೆ ಕಲ್ಲಾಗುತ್ತಿದ್ದ 247 ಮಂದಿಯಲ್ಲಿ ಇವನು ಸಿಕ್ಕಿದ್ದು ಶೇ. 17ರಲ್ಲಿ, ಕಲ್ಲಿಲ್ಲದ 259 ಮಂದಿಯಲ್ಲಿ ಶೇ. 38ರಲ್ಲಿ. ಇವನಿದ್ದರೆ ಕಲ್ಲಿನ ಸಂಭವ ಸುಮಾರು ಶೇ. 70ರಷ್ಟು ಕಡಿಮೆ ಎಂದು ಲೆಕ್ಕ ಹೊರಟಿತು. ವ್ಯಾಖ್ಯಾನಕಾರರು ಜಯಘೋಷಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೂತ್ರದ ವರದಿ ಅಡ್ಡ ಬಂತು: ಇವನಿರಲಿ ಬಿಡಲಿ, ಮೂತ್ರದ ಆಕ್ಸಲೇಟಿನಲ್ಲಿ ಗಣನೀಯ ವ್ಯತ್ಯಾಸವಿಲ್ಲ! ತಿನ್ನುವವನು ಮನೆಯಲ್ಲಿದ್ದೂ ಪಾತ್ರೆ ಬರಿದಾಗದಿದ್ದರೆ ಅವನು ತಿಂದದ್ದೇನು? ಇಂಥ ಪೂರ್ವಪಕ್ಷಕ್ಕೆ ಉತ್ತರ ಹೇಳಬೇಕಾದವರು ಸಾಮಾನ್ಯವಾಗಿ ಇನ್ನಷ್ಟು ಸಂಶೋಧನೆ ಬೇಕು ಎಂದು ಬರೆದು ಉಪಾಹಾರಕ್ಕೆ ಏಳುತ್ತಾರೆ.

ಗಣತಿಯಲ್ಲಿ ಇವನ ಹೆಸರು ಬಿಟ್ಟುಹೋಗಲು ಆಂಟಿಬಯಾಟಿಕ್ಕೂ ಕಾರಣವಾಗಬಹುದು. ಹಲವು ಗುಳಿಗೆಗಳಿಗೆ ಇವನು ತಾಳುವುದಿಲ್ಲ. ಇಷ್ಟಾದರೂ ತಮ್ಮ ಹೊಟ್ಟೆಯಲ್ಲಿ ಇವನಿಲ್ಲವೆಂದು ವರದಿ ಬಂದ ಓದುಗರು ಗಾಬರಿಯಾಗಬೇಕಿಲ್ಲ. ಅದೇ ಅಧ್ಯಯನದಲ್ಲಿ, ಕಲ್ಲಿನ ಗೊಡವೆಯೇ ಇಲ್ಲದ ಆ 259 ಮಂದಿಯ ಪೈಕಿ ಶೇ. 62ರಷ್ಟು ಜನರಲ್ಲೂ ಇವನು ಸಿಕ್ಕಿರಲಿಲ್ಲ.