ನೀಲಕ್ಕೆ ಶನಿ, ಮಾಣಿಕ್ಯಕ್ಕೆ ನಿಂಬೆಹಣ್ಣು

ಹಿಂದೆ ನಿಶ್ಚಿತಾರ್ಥಕ್ಕೆ ಬೇಕಾಗಿದ್ದದ್ದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಮತ್ತು ಲಗ್ನಪತ್ರಿಕೆಯನ್ನು ಕೊನೆಯ ಸಾಲಿನವರಿಗೂ ಕೇಳುವಂತೆ ಓದಬಲ್ಲ ಒಬ್ಬ ಪುರೋಹಿತರು. ತಾಂಬೂಲ ಬದಲಾಯಿತೆಂದರೆ ಮಾತು ಪಕ್ಕಾ. ಉಂಗುರ ಇದ್ದರೆ ಅದು ಅಳಿಯನಿಗೆ ಮಾವ ಹಾಕುವುದು; ಎಷ್ಟು ಗ್ರಾಂ ಎಂಬುದರಾಚೆ ಅದರ ಬಗ್ಗೆ ಚರ್ಚೆ ಇರುತ್ತಿರಲಿಲ್ಲ. ಈಗ ಹಾಲ್, ಹೂವಿನ ಅಲಂಕಾರ, ಡ್ರೋನ್ ಕ್ಯಾಮೆರಾ, ಇವೆಲ್ಲದರ ನಡುವೆ ಒಂದು ಪುಟ್ಟ ಡಬ್ಬಿ. ಅದರೊಳಗೆ ವಜ್ರವಿದ್ದರೆ ಸರಿ. ಬಣ್ಣದ ಹರಳಿದ್ದರೆ ಮಾತ್ರ ಎರಡೂ ಕಡೆಯ ನೆಂಟರಿಗೆ ಒಟ್ಟಿಗೇ ಜ್ಯೋತಿಷ್ಯ ಜ್ಞಾಪಕಕ್ಕೆ ಬರುತ್ತದೆ.

ಹಾಗೆ ನೋಡಿದರೆ ವಜ್ರವೂ ನವರತ್ನಗಳಲ್ಲಿ ಒಂದು, ಶುಕ್ರನ ಪಾಲಿನದು. ಆದರೆ ಅದಕ್ಕೆ ಜಾಹೀರಾತಿನ ಶ್ರೀರಕ್ಷೆ ಇದೆ. 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬ ಅಮೆರಿಕದ ಬರಹಗಾರ್ತಿ ಡಿ ಬೀರ್ಸ್ ಕಂಪನಿಗೆ ವಜ್ರ ಶಾಶ್ವತ ಎಂಬರ್ಥದ ಒಂದು ಸಾಲು ಬರೆದುಕೊಟ್ಟರು. ಅಲ್ಲಿಂದ ಮುಂದೆ ವಜ್ರವಿಲ್ಲದೆ ನಿಶ್ಚಿತಾರ್ಥವೇ ಇಲ್ಲ ಎಂದು ಜಗತ್ತಿನ ಅರ್ಧ ಭಾಗ ನಂಬಿತು. ಗೆರೆಟಿ ಮಾತ್ರ ಕೊನೆಯವರೆಗೂ ಮದುವೆಯಾಗಲಿಲ್ಲ. ಅದಕ್ಕೂ ಹಿಂದೆ ರಾಜಮನೆತನಗಳೇ ಬಣ್ಣದ ಹರಳಿಗೆ ಮನಸೋತಿದ್ದವು. ರಾಣಿ ವಿಕ್ಟೋರಿಯಾಗೆ ಆಲ್ಬರ್ಟ್ ಕೊಟ್ಟದ್ದು ಪಚ್ಚೆ ಕೂರಿಸಿದ ಹಾವಿನಾಕಾರದ ಉಂಗುರ. ನಮ್ಮಲ್ಲಾಗಿದ್ದರೆ ಆ ಹಾವಿಗೆ ಮೊದಲು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಪೂಜೆ ಆಗಬೇಕಿತ್ತು.

ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆ ಯಾವುದಾದರೂ ಒಡವೆ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಈ ನಾಟಕದ ಒಂದು ಅಂಕವನ್ನಾದರೂ ನೋಡಬಹುದು. ಹುಡುಗಿ ನೀಲಿ ಹರಳನ್ನು ಬೆರಳಿಗೆ ಹಾಕಿ ಬೆಳಕಿಗೆ ಹಿಡಿಯುತ್ತಾಳೆ. ಹುಡುಗ ಬೆಲೆಯ ಚೀಟಿ ಹುಡುಕುತ್ತಾನೆ. ಸೋದರತ್ತೆ ಕುರ್ಚಿಯಿಂದ ಅರ್ಧ ಏಳುತ್ತಾರೆ.

“ನೀಲಾನಾ? ಬೇಡ ಕಣೇ ಪುಟ್ಟಿ, ಅದು ಶನಿದು! ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಕೊಂಡು ಮಲಗಿ ನೋಡ್ಬೇಕು. ಕೆಟ್ಟ ಕನಸು ಬಿದ್ರೆ ವಾಪಸ್.”

“ವಾಪಸ್ ತಗೋತೀವಮ್ಮ, ಆದ್ರೆ ಮೇಕಿಂಗ್ ಚಾರ್ಜು ಬರಲ್ಲ” ಎನ್ನುತ್ತಾನೆ ಅಂಗಡಿಯವನು. ಕೆಟ್ಟ ಕನಸು ಶುರುವಾಗುವುದು ಅಲ್ಲಿಂದಲೇ.

ಅತ್ತೆಯ ಬತ್ತಳಿಕೆಯ ದೊಡ್ಡ ಬಾಣ ಡಯಾನಾ. 1981ರಲ್ಲಿ ಚಾರ್ಲ್ಸ್ ಜೊತೆ ನಿಶ್ಚಿತಾರ್ಥವಾದಾಗ ಅವರು ತೊಟ್ಟದ್ದು 12 ಕ್ಯಾರೆಟ್ಟಿನ ಸಿಂಹಳದ ನೀಲ, 1996ರಲ್ಲಿ ವಿಚ್ಛೇದನ. ವಾದ ಗಟ್ಟಿಯಾಗಿದೆ ಅನ್ನಿಸುವಷ್ಟರಲ್ಲಿ ಹುಡುಗಿ ಫೋನ್ ತೆಗೆದು ತೋರಿಸುತ್ತಾಳೆ: ಅದೇ ಉಂಗುರವನ್ನು 2010ರಲ್ಲಿ ವಿಲಿಯಂ ಕೇಟ್‌ಗೆ ಕೊಟ್ಟ, ಸಂಸಾರ ನಡೆಯುತ್ತಲೇ ಇದೆ. “ಅವಳ ಜಾತಕಕ್ಕೆ ಆಗಿ ಬಂದಿರತ್ತೆ ಬಿಡು” ಎಂದು ಅತ್ತೆ ಆ ಪ್ರಕರಣವನ್ನು ಮುಕ್ತಾಯಗೊಳಿಸುತ್ತಾರೆ. ಯಾವ ಸಾಕ್ಷ್ಯಕ್ಕೂ ಸೋಲದ ಶಾಸ್ತ್ರವೆಂದರೆ ಇದು.

ಸೂರ್ಯನಿಗೆ ಮಾಣಿಕ್ಯ, ಬುಧನಿಗೆ ಪಚ್ಚೆ, ಕುಜನಿಗೆ ಹವಳ, ಗುರುವಿಗೆ ಪುಷ್ಯರಾಗ, ರಾಹುವಿಗೆ ಗೋಮೇಧಿಕ. ಯಾವುದನ್ನು ಆರಿಸಿದರೂ ಮನೆಯಲ್ಲಿ ಒಬ್ಬರ ವಿರೋಧ ಖಚಿತ. ಕೊನೆಗೆ ಒಂಬತ್ತನ್ನೂ ಕೂರಿಸಿದ ನವರತ್ನದ ಉಂಗುರ ಸೂಚಿತವಾಗುತ್ತದೆ. ಸಮ್ಮಿಶ್ರ ಸರ್ಕಾರದ ಹಾಗೆ ಅದರಲ್ಲಿ ಎಲ್ಲರಿಗೂ ಜಾಗವಿದೆ, ನೋಡಲು ಮಾತ್ರ ಯಾರಿಗೂ ಇಷ್ಟವಿಲ್ಲ.

ತಮಾಷೆಯೆಂದರೆ, ಪುರಾಣದಲ್ಲಿ ಶನಿ ಸೂರ್ಯನ ಮಗ. ಅಪ್ಪ ಮಗನಿಗೆ ಆಗಿಬರುವುದಿಲ್ಲ. ಭೂಗರ್ಭದಲ್ಲಿ ಆ ಜಗಳವೇ ಇಲ್ಲ. ಮಾಣಿಕ್ಯ, ನೀಲ ಎರಡೂ ಒಂದೇ ಖನಿಜ, ಕುರುಂದ. ಚೂರು ಕ್ರೋಮಿಯಂ ಬೆರೆತರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಅದೇ ಕುರುಂದದ ಬಡ ನೆಂಟ ಚಾಕು ಮಸೆಯುವ ಸಾಣೆಕಲ್ಲಿನಲ್ಲಿದ್ದಾನೆ. ಮೈಸೂರು ಸೀಮೆಯಲ್ಲೂ ಮಾಣಿಕ್ಯ ಸಿಗುತ್ತದೆ. ಹೆಚ್ಚಿನವು ಪಾರದರ್ಶಕವಲ್ಲ, ಗುಂಡಗೆ ಉಜ್ಜಿದರೆ ಕೆಲವುಗಳಲ್ಲಿ ಆರು ಕಿರಣದ ನಕ್ಷತ್ರ ಮೂಡುತ್ತದೆ. ಬರ್ಮಾದ ಮೊಗೋಕ್‌ನ ಮಾಣಿಕ್ಯದ ಬೆಲೆ ಕೇಳಿ ಬೆವರಿದ ಹುಡುಗರು ಈ ಊರಿನ ಹರಳನ್ನು ಒಮ್ಮೆ ನೋಡಬಹುದು.

ಹರಳು ನಮಗೇನು ಮಾಡೀತು ಎಂದು ಎಲ್ಲರೂ ಕೇಳುತ್ತಾರೆ. ನಾವು ಹರಳಿಗೆ ಏನು ಮಾಡುತ್ತೇವೆ ಎಂದು ಯಾರೂ ಕೇಳುವುದಿಲ್ಲ. ಗ್ರಹಗತಿಗಿಂತ ಅಡುಗೆಮನೆಯ ಗತಿ ಕಠಿಣ. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9, ಪಚ್ಚೆಗೆ ಏಳೂವರೆಯಿಂದ 8. ನಮ್ಮ ಮನೆಯ ಧೂಳಿನಲ್ಲಿರುವ ಮರಳಿನ ಕಣಕ್ಕೆ 7. ಅದಕ್ಕಿಂತ ಮೆದುವಾದ ಹರಳು ಒರೆಸಿದಷ್ಟೂ ಮಂಕಾಗುತ್ತದೆ. ಮುತ್ತು, ಹವಳಗಳ ಪಾಡು ಇನ್ನೂ ಕಷ್ಟ. ಸುಣ್ಣದಂಶದ ಅವಕ್ಕೆ ಹುಣಿಸೆಹುಳಿ, ಬೆವರು, ಸೆಂಟು ಎಲ್ಲವೂ ಶತ್ರುಗಳು. ದಿನವೂ ಸಾರು ಮಾಡುವ ಕೈಗೆ ಮುತ್ತಿನ ಉಂಗುರ ತೊಡಿಸುವುದು ಮುತ್ತಿಗೇ ಮಾಡುವ ಅನ್ಯಾಯ.

ಪಚ್ಚೆಯಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲಿ ಎಂದು ವ್ಯಾಪಾರಿಗಳು ಎಣ್ಣೆ ತುಂಬುವುದು ಹಳೆಯ ರೂಢಿ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ದಿನವೂ ತಾಗಿದರೆ ಎಣ್ಣೆ ಹೋಗಿ ಬಿರುಕು ಎದ್ದು ಕಾಣುತ್ತದೆ. ಸೀಸದ ಗಾಜು ತುಂಬಿ ಹೊಳಪು ಬರಿಸಿದ ಅಗ್ಗದ ಮಾಣಿಕ್ಯಕ್ಕಂತೂ ನಿಂಬೆರಸವೇ ಸಾಕು, ಗಾಜಿನ ಭಾಗವನ್ನು ತಿಂದುಹಾಕುತ್ತದೆ. ದೃಷ್ಟಿ ತೆಗೆಯಲು ತಂದ ನಿಂಬೆಹಣ್ಣು ಚಿತ್ರಾನ್ನಕ್ಕೆ ಹಿಂಡುವಾಗ ಉಂಗುರಕ್ಕೇ ಗ್ರಹಚಾರವಾಗುತ್ತದೆ. ಹರಳು ಚರ್ಮಕ್ಕೆ ತಾಗಿದರೇ ಫಲ ಎಂದು ಹಿಂಬದಿ ತೆರೆದು ಕಟ್ಟಿಸುತ್ತಾರಲ್ಲ, ಅಲ್ಲಿ ಮೊದಲು ಸೇರುವುದು ಸೋಪು, ಆಮೇಲೆ ಚಪಾತಿ ಹಿಟ್ಟು. ಶನಿಪ್ರಭಾವ ದಾಟಿ ಬರಬೇಕಾದ ದಾರಿ ಅದು.

ಅಸಲಿ ನಕಲಿಯ ಮಾತೂ ಅಷ್ಟು ಸರಳವಲ್ಲ. ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲಿರುವ ‘ಕಪ್ಪು ರಾಜಕುಮಾರನ ಮಾಣಿಕ್ಯ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಖನಿಜ. ಫ್ರಾನ್ಸಿನ ಅಗಸ್ಟ್ ವೆರ್ನ್ಯೂಯಿ 1902ರಲ್ಲಿ ಜಾಹೀರುಗೊಳಿಸಿದ ವಿಧಾನದಲ್ಲಿ ಉರಿಯ ಕೆಳಗೆ ಬೆಳೆಸಿದ ಕೃತಕ ಮಾಣಿಕ್ಯ ರಾಸಾಯನಿಕವಾಗಿ ಅಪ್ಪಟ ಮಾಣಿಕ್ಯವೇ. ಅದರ ಮೇಲೆ ಸೂರ್ಯನ ಕೃಪೆ ಇದೆಯೋ ಇಲ್ಲವೋ ಎಂದು ಕೇಳಿದರೆ ಜ್ಯೋತಿಷಿಗಳು ಫೀಸು ಹೆಚ್ಚಿಸುತ್ತಾರೆ.

ಅಷ್ಟೆಲ್ಲ ಆದಮೇಲೆ ಹುಡುಗಿ ನೀಲವನ್ನೇ ಆರಿಸಿದರೆ ಅವಳ ಆಯ್ಕೆ ತಪ್ಪಲ್ಲ. ದಿನವೂ ತೊಡುವ ಕೈಗೆ ಕುರುಂದ ಒಗ್ಗುವಷ್ಟು ಬೇರೆ ಬಣ್ಣದ ಹರಳು ಒಗ್ಗುವುದು ಕಷ್ಟ. ಅಂಗಡಿಯಿಂದ ಏಳುವ ಮುನ್ನ ಮಾತ್ರ ಹರಳನ್ನು ಕಾಯಿಸಿದ್ದಾರೆಯೇ, ಎಣ್ಣೆ ಅಥವಾ ಗಾಜು ತುಂಬಿದ್ದಾರೆಯೇ ಎಂದು ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ನೋಡಿಕೊಳ್ಳಿ. ಬಿಲ್ಲಿನಲ್ಲಿ ಬಂಗಾರದ ತೂಕ, ಹರಳಿನ ತೂಕ ಎರಡನ್ನೂ ಬೇರೆ ಬೇರೆ ಬರೆಸಿ. ಮುಂದೆ ಉಂಗುರ ಮಾರಲು ಹೋದರೆ ಅಂಗಡಿಯವನು ಮೊದಲು ಕಳೆಯುವುದು ಆ ಹರಳಿನ ತೂಕವನ್ನೇ.