ಇಲಿಗೊಂದು ನ್ಯಾಯ, ಟೆಕ್ಕಿಗೊಂದು ನ್ಯಾಯ

ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಗುವವರು ನಾವು. ಜೈವಿಕ ಗಡಿಯಾರದ ವಿಜ್ಞಾನಿಗಳು ಇಲಿಯನ್ನು ಮೊದಲು ಹಿಡಿದುಕೊಂಡು ಆಮೇಲೆ ಬೆಟ್ಟ ಅಗೆದರು. ಒಳಗೆ ಸಿಕ್ಕಿದ್ದು ಬೆಂಗಳೂರಿನ ಔಟರ್ ರಿಂಗ್ ರೋಡಿನ ನೈಟ್ ಶಿಫ್ಟು.

ಅಮೆರಿಕದ ವಿಜ್ಞಾನಿಗಳು ಮುದಿ ಇಲಿಗಳ ಗೂಡಿನಲ್ಲಿ ವಾರಕ್ಕೊಮ್ಮೆ 6 ಗಂಟೆ ಮೊದಲೇ ಬೆಳಗು ಮಾಡತೊಡಗಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ: ದಿನಚರಿ ಬದಲಾಗದ ಇಲಿಗಳಲ್ಲಿ ಬದುಕುಳಿದವು ಶೇ. 83, ಹೀಗೆ ಎಬ್ಬಿಸಿಕೊಂಡವುಗಳಲ್ಲಿ ಶೇ. 47. ಪಾಪ, ಸತ್ತವು ಅನ್ನಬಾರದು; ಕಂಪನಿಗಳಲ್ಲಿ ಇದಕ್ಕೆ ಅಟ್ರಿಷನ್ ಅನ್ನುತ್ತಾರೆ.

ಇನ್ನು ಕೆಲವು ಇಲಿಗಳಿಗೆ 22 ಗಂಟೆಯ ದಿನ ದಯಪಾಲಿಸಿದರು: 11 ಗಂಟೆ ಬೆಳಕು, 11 ಗಂಟೆ ಕತ್ತಲೆ. ಮಿದುಳಿನಲ್ಲಿ ಹೊತ್ತು ನೋಡಿಕೊಳ್ಳುವ ಸುಮಾರು 20,000 ನರಕೋಶಗಳ ಪುಟ್ಟ ಗುಂಪಿದೆ. ಅದು ಒಡೆದು ಎರಡು ಪಕ್ಷವಾಯಿತು. ಒಂದು ಪಕ್ಷ ದೀಪದ 22 ಗಂಟೆಗೆ ಕುಣಿಯಿತು. ಇನ್ನೊಂದು 24 ಗಂಟೆಗೂ ಮೀರಿದ ತನ್ನದೇ ದಿನ ಎಳೆಯಿತು. ಬಾಸ್ಟನ್ನಿನ ಕ್ಲೈಂಟಿಗೂ ಬನಶಂಕರಿಯ ಅತ್ತೆಗೂ ಏಕಕಾಲಕ್ಕೆ ಉತ್ತರ ಹೇಳಬೇಕಾದ ಸೊಸೆಯ ಸ್ಥಿತಿ.

"ಹಗಲು ಮಲಗಿದರಾಯಿತಪ್ಪ, ಎಂಟು ಗಂಟೆ ಲೆಕ್ಕಕ್ಕೆ ಸರಿಹೋಗುತ್ತದೆ" ಎನ್ನುವ ಮ್ಯಾನೇಜರುಗಳಿಗಾಗಿಯೇ ಮಾಡಿದಂಥ ಪ್ರಯೋಗವೂ ಇದೆ. 2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಮೀರ್ ಹತ್ತಾರ್ ತಂಡ ಇಲಿಗಳಿಗೆ ಮೂರೂವರೆ ಗಂಟೆ ಬೆಳಕು, ಮೂರೂವರೆ ಗಂಟೆ ಕತ್ತಲೆ ಕೊಟ್ಟಿತು. ಒಟ್ಟು ನಿದ್ದೆ ಕಡಿಮೆಯಾಗಲಿಲ್ಲ. ಆದರೂ ಇಲಿಗಳಲ್ಲಿ ಖಿನ್ನತೆಯ ಲಕ್ಷಣ ಕಂಡಿತು, ಕಲಿಯುವ ಶಕ್ತಿ ಕುಂದಿತು. ಕಣ್ಣಿನಲ್ಲಿ ಬೆಳಕನ್ನು ಅಳೆಯುವ ವಿಶೇಷ ಜೀವಕೋಶಗಳನ್ನು ಇಲ್ಲವಾಗಿಸಿದ ಇಲಿಗಳು ಮಾತ್ರ ಆರಾಮಾಗಿದ್ದವು. ಈ ಸಂಗತಿಯನ್ನು ಎಚ್‌ಆರ್‌ಗೆ ಯಾರೂ ಹೇಳಬೇಡಿ. ಜಾಯಿನಿಂಗ್ ದಿನವೇ ಕಿತ್ತಿಟ್ಟುಕೊಂಡಾರು.

ಹೊಟ್ಟೆಯ ವಿಷಯಕ್ಕೆ ಬನ್ನಿ. ರಾತ್ರಿಯಿಡೀ ಮಂದ ದೀಪ ಉರಿಸಿದ ಗೂಡಿನ ಇಲಿಗಳು ಉಳಿದವುಗಳಷ್ಟೇ ತಿಂದರೂ ಹೊತ್ತಲ್ಲದ ಹೊತ್ತಲ್ಲಿ ತಿಂದು ದಪ್ಪಗಾದವು ಎಂದು 2010ರ ಅಧ್ಯಯನ ತೋರಿಸಿತು. ನಡುರಾತ್ರಿ ಎರಡಕ್ಕೆ ಪುಕ್ಕಟೆ ಪಿಜ್ಜಾ ತರಿಸಿ, ಬೆಳಿಗ್ಗೆ ಜಿಮ್ ಕೂಪನ್ ಕಳಿಸುವ ಕಂಪನಿಗಳ ಧಾರಾಳತನ ಇಲಿಗಳಿಗೆಲ್ಲಿ ಅರ್ಥವಾಗಬೇಕು!

"ನಮ್ಮ ಹುಡುಗರೇನು ಇಲಿಗಳೇನ್ರೀ?" ಎನ್ನಬಹುದು. ಖಂಡಿತ ಅಲ್ಲ. ಇಲಿ ಹುಟ್ಟಾ ನಿಶಾಚರಿ; ರಾತ್ರಿ ಪಾಳಿ ಅದರ ವಂಶದ ಕಸುಬು. ಅಂಥದ್ದಕ್ಕೇ ಈ ಗತಿಯಾದರೆ ಸೂರ್ಯನ ಜೊತೆ ಏಳುವ ಮನುಷ್ಯನ ಪಾಡೇನು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲೇ, ಜೈವಿಕ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳವುಗಳ ಪಟ್ಟಿಗೆ ಸೇರಿಸಿತು. ನಾವು ಅದನ್ನು ಅಲವೆನ್ಸ್ ಪಟ್ಟಿಗೆ ಸೇರಿಸಿಕೊಂಡೆವು. ಅಮೆರಿಕದವರು ಮಾರ್ಚಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಗಡಿಯಾರ ತಿರುಗಿಸಿದರೆ ಬೆಳ್ಳಂದೂರಿನ ರಾತ್ರಿ ಪಾಳಿಯಲ್ಲಿ ಊಟದ ಹೊತ್ತು ಬದಲಾಗುತ್ತದೆ.

ಇಷ್ಟಾದರೂ ನಮ್ಮ ದೇಶದಲ್ಲಿ ಪ್ರಯೋಗಾಲಯದ ಇಲಿಯ ಹಗಲು ರಾತ್ರಿಗೆ ಕೈಹಾಕಬೇಕಾದರೆ ವಿಜ್ಞಾನಿ ಅರ್ಜಿ ತುಂಬಬೇಕು. ಎಷ್ಟು ಪ್ರಾಣಿ, ಎಷ್ಟು ಕಾಲ, ಪ್ರಾಣಿಯೇ ಯಾಕೆ ಬೇಕು ಎಂಬುದಕ್ಕೆ ಉತ್ತರ ಬರೆಯಬೇಕು. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪಬೇಕು. ಇಲಿಯ ಬೆನ್ನಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ನಿಂತಿದೆ. ಎಂಜಿನಿಯರಿಂಗ್ ಮುಗಿಸಿದ ಹುಡುಗಿಯ ಹಗಲು ರಾತ್ರಿ ಅದಲು ಬದಲು ಮಾಡಲು "ಕಂಪನಿಯ ಅಗತ್ಯಕ್ಕೆ ತಕ್ಕಂತೆ ಯಾವುದೇ ಶಿಫ್ಟ್" ಎಂಬ ಒಂದು ಸಾಲು, ಅದರ ಕೆಳಗೊಂದು ಸಹಿ ಸಾಕು.

ಆದ್ದರಿಂದ ಘನ ಸರ್ಕಾರಕ್ಕೆ ಮನವಿ. ಶಿಫ್ಟ್ ಪಟ್ಟಿ ಹಾಕುವ ಪ್ರತಿ ಕಂಪನಿಯೂ ಅದೇ ಅರ್ಜಿ ತುಂಬಲಿ: ಎಷ್ಟು ಜನ, ಎಷ್ಟು ಕಾಲ, ಮನುಷ್ಯರೇ ಯಾಕೆ ಬೇಕು? ವಾರವಾರ ಪಾಳಿ ತಿರುಗಿಸುವುದಂತೂ ಇಂದೇ ನಿಲ್ಲಲಿ. ಇದು ಕಷ್ಟವೆನಿಸಿದರೆ ಸುಲಭದ ದಾರಿಯೂ ಇದೆ: ನೌಕರರನ್ನು ಇಲಿಗಳೆಂದು ಘೋಷಿಸಿಬಿಡಿ. ಹೊಸ ಕಾಯ್ದೆ ತರುವ ಖರ್ಚಾದರೂ ಉಳಿಯುತ್ತದೆ.